ಡಿಕ್ಕಿಯ ಗುಂಡಿಯಲ್ಲಿ ಅಡಗಿರುವ ಬ್ಯಾಟರಿ: ಬಿಎಂಡಬ್ಲ್ಯು 3 ಸೀರೀಸ್‌ನಲ್ಲಿ ಮನೆಯಲ್ಲೇ ಬದಲಿಸುವ ಬಗೆ

ಬಿಎಂಡಬ್ಲ್ಯು 3 ಸೀರೀಸ್ ಕಾರಿನ ಬಾನೆಟ್ ಎತ್ತಿದರೆ ಬ್ಯಾಟರಿ ಕಾಣುವುದಿಲ್ಲ. ಅದು ಇರುವುದು ಡಿಕ್ಕಿಯಲ್ಲಿ, ಬಲಗಡೆ ಹಿಂಚಕ್ರದ ಪಕ್ಕದ ಆಳವಾದ ಗುಂಡಿಯಲ್ಲಿ, ಪ್ಲಾಸ್ಟಿಕ್ ಮುಚ್ಚಳ ಮತ್ತು ಕಾರ್ಪೆಟ್ಟಿನ ಕೆಳಗೆ. ಇಂಜಿನ್ನಿನ ಭಾರ ಮುಂದೆ ಇರುವುದರಿಂದ 25 ಕೆ.ಜಿ. ಬ್ಯಾಟರಿಯನ್ನು ಹಿಂದೆ ಇಟ್ಟು ಕಾರಿನ ತೂಕ ಸರಿದೂಗಿಸುವುದು ಇದರ ಮುಖ್ಯ ಉದ್ದೇಶ. ಇಂಜಿನ್ ಶಾಖದಿಂದ ಬ್ಯಾಟರಿ ದೂರ ಉಳಿಯುವುದು ಜೊತೆಗೆ ಸಿಗುವ ಲಾಭ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಈ ಲಾಭ ಚಿಕ್ಕದೇನಲ್ಲ.

ಇಲ್ಲಿ ಹೇಳುವ ಕ್ರಮ 3 ಸೀರೀಸ್‌ನ ಎರಡು ತಲೆಮಾರುಗಳಿಗೆ: 2012ರ ತನಕ ಬಂದ ಇ90 ಮತ್ತು ಅದರ ನಂತರದ ಎಫ್30 ಸೆಡಾನ್‌ಗಳಿಗೆ. ನಟ್ಟು ಬಿಚ್ಚುವ ಕೆಲಸ ಎರಡಕ್ಕೂ ಸುಮಾರು 40 ನಿಮಿಷದ್ದು, ಅದು ಯಾರಿಗೂ ಕಷ್ಟವಲ್ಲ. ಜನ ಎಡವುವುದು ಅದರ ಹಿಂದೆ ಮತ್ತು ಮುಂದೆ: ಸರಿಯಾದ ಬ್ಯಾಟರಿ ತರುವುದರಲ್ಲಿ, ಕರೆಂಟ್ ಇಲ್ಲದ ಕಾರಿನ ಡಿಕ್ಕಿ ತೆರೆಯುವುದರಲ್ಲಿ, ಬ್ಯಾಟರಿಯ ಅನಿಲ ಹೊರಗೆ ಬಿಡುವ ಗಾಳಿ ಕೊಳವೆಯನ್ನು ಮರಳಿ ಜೋಡಿಸುವುದರಲ್ಲಿ, ಕೊನೆಗೆ "ಬ್ಯಾಟರಿ ಹೊಸದು" ಎಂದು ಕಾರಿಗೆ ತಿಳಿಸುವುದರಲ್ಲಿ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ಅವುಗಳಿಗೇ ಮೀಸಲು.

ಹೋಗಿರುವುದು ಬ್ಯಾಟರಿಯೇ ಹೌದೇ

ದುಬಾರಿ ಬ್ಯಾಟರಿ ಕೊಳ್ಳುವ ಮುನ್ನ ಒಂದು ಮಲ್ಟಿಮೀಟರ್ ಹಿಡಿದು ಹತ್ತು ನಿಮಿಷ ಖರ್ಚು ಮಾಡಿ. ಡಿಕ್ಕಿ ಬಿಚ್ಚಬೇಕಾಗಿಲ್ಲ. ಬಾನೆಟ್ ಕೆಳಗೆ, ವಿಂಡ್‌ಶೀಲ್ಡ್ ಬುಡದ ಕಡೆ + ಗುರುತಿನ ಮುಚ್ಚಳವೊಂದಿದೆ. ಅದರೊಳಗಿನ ಲೋಹದ ಮೊಳೆ ಬ್ಯಾಟರಿಯ ಪ್ಲಸ್‌ಗೆ ಸೇರಿದ ಜಂಪ್ ಪಾಯಿಂಟ್. ಅಲ್ಲೇ ಹತ್ತಿರ ಬಾಡಿಗೆ ಕೂಡಿಸಿರುವ ಬರಿ ಲೋಹದ ಗೂಟ ಮೈನಸ್. ಕಾರನ್ನು ಒಂದು ರಾತ್ರಿ ಮುಟ್ಟದೆ ಬಿಟ್ಟು ಬೆಳಿಗ್ಗೆ ಇವೆರಡರ ನಡುವೆ ವೋಲ್ಟೇಜ್ ನೋಡಿ. ಒಳ್ಳೆಯ ಎಜಿಎಂ ಬ್ಯಾಟರಿ (ಆಮ್ಲವನ್ನು ಗಾಜಿನ ನಾರಿನ ಹಾಸಿನಲ್ಲಿ ಇಂಗಿಸಿಟ್ಟ ಬಗೆ) ಪೂರ್ತಿ ತುಂಬಿದ್ದರೆ 12.8 ವೋಲ್ಟ್ ಆಸುಪಾಸು ತೋರಿಸುತ್ತದೆ. 12.4ಕ್ಕಿಂತ ಕೆಳಗಿದ್ದರೆ ಚಾರ್ಜ್ ಬೇಕು. 12.0 ಅಥವಾ ಅದಕ್ಕೂ ಕಡಿಮೆ ಇದ್ದರೆ ಬಹುತೇಕ ಖಾಲಿ.

ಖಾಲಿಯಾಗಿದೆ ಎಂದ ಮಾತ್ರಕ್ಕೆ ಸತ್ತಿದೆ ಎಂದಲ್ಲ. ಎಜಿಎಂ ಮೋಡ್ ಇರುವ ಚಾರ್ಜರ್‌ನಿಂದ ಪೂರ್ತಿ ಚಾರ್ಜ್ ಮಾಡಿ, ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಿರಿ. 10 ಆಂಪಿಯರ್ ಚಾರ್ಜರ್ ಆದರೆ 90 ಆಂಪಿಯರ್ ಅವರ್ ಬ್ಯಾಟರಿಗೆ ಹತ್ತು ಗಂಟೆಗಿಂತ ಹೆಚ್ಚು ಬೇಕು. ಆಮೇಲೂ 12.4ಕ್ಕೆ ಇಳಿದಿದ್ದರೆ, ಅಥವಾ ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಕುಸಿದರೆ, ಬ್ಯಾಟರಿ ಮುಗಿಯಿತು.

ಚಾರ್ಜ್ ಮಾಡಿದ ಮೇಲೆ ಚೆನ್ನಾಗಿ ನಿಂತು, ನಾಲ್ಕು ದಿನ ನಿಲ್ಲಿಸಿದಾಗ ಮತ್ತೆ ಖಾಲಿಯಾದರೆ ಅನುಮಾನ ಬ್ಯಾಟರಿಯ ಮೇಲಲ್ಲ, ಕಾರಿನ ಮೇಲೆ ಬರಬೇಕು. ನಿದ್ದೆಗೆ ಹೋದ ಕಾರು ಎಳೆಯಬೇಕಾದ್ದು 50 ಮಿಲಿ ಆಂಪಿಯರ್ ಆಸುಪಾಸಿನಷ್ಟು ಮಾತ್ರ. ಫ್ಯೂಸ್ ಬಾಕ್ಸಿನಿಂದ ನೇರ ಕರೆಂಟ್ ಕೊಟ್ಟು ಕೂರಿಸಿದ ಡ್ಯಾಶ್‌ಕ್ಯಾಮ್, ಅದರ ಪಾರ್ಕಿಂಗ್ ಮೋಡ್, ಹೊರಗಡೆ ಹಾಕಿಸಿದ ಜಿಪಿಎಸ್ ಟ್ರ್ಯಾಕರ್, ಆಂಪ್ಲಿಫೈಯರ್ ಇವುಗಳನ್ನು ಮೊದಲು ನೋಡಿ. ಸೋರಿಕೆ ಹಿಡಿಯದೆ ಹೊಸ ಬ್ಯಾಟರಿ ಹಾಕಿದರೆ ಅದೂ ಒಂದೇ ವರ್ಷದಲ್ಲಿ ಅದೇ ದಾರಿ ಹಿಡಿಯುತ್ತದೆ.

ಬೆಂಗಳೂರಿನಲ್ಲಿ ಇನ್ನೊಂದು ಕಾರಣ ಸಾಮಾನ್ಯ. ದಿನಕ್ಕೆ ಆರೇಳು ಕಿಲೋಮೀಟರ್, ಅದರಲ್ಲಿ ಅರ್ಧ ಸಿಗ್ನಲ್‌ನಲ್ಲಿ, ಎಸಿ ಓಡುತ್ತಲೇ ಇರುತ್ತದೆ, ಪ್ರತಿ ಸಿಗ್ನಲ್‌ಗೂ ಇಂಜಿನ್ ನಿಂತು ಮತ್ತೆ ಶುರುವಾಗುತ್ತದೆ. ಹೀಗೆ ಓಡಿದ ಬ್ಯಾಟರಿ ತಿಂಗಳುಗಟ್ಟಲೆ ಪೂರ್ತಿ ತುಂಬುವುದೇ ಇಲ್ಲ. ಅರ್ಧಂಬರ್ಧ ತುಂಬಿದ ಸ್ಥಿತಿಯಲ್ಲೇ ಉಳಿದರೆ ಸೀಸದ ಫಲಕಗಳ ಮೇಲೆ ಗಟ್ಟಿ ಸಲ್ಫೇಟ್ ಕಟ್ಟುತ್ತದೆ, ಬ್ಯಾಟರಿಯ ಹೊಟ್ಟೆ ಕಿರಿದಾಗುತ್ತ ಹೋಗುತ್ತದೆ. ಸ್ಟಾರ್ಟ್-ಸ್ಟಾಪ್ ಕೆಲಸ ಮಾಡುವುದನ್ನು ತಾನಾಗಿ ನಿಲ್ಲಿಸಿದರೆ ಅದು ಇದರ ಮೊದಲ ಸುಳಿವು.

ಯಾವ ಬ್ಯಾಟರಿ ತರಬೇಕು

ಅಂಗಡಿಯವರನ್ನು ಕೇಳುವ ಮೊದಲು ಹಳೆಯ ಬ್ಯಾಟರಿಯ ಮೇಲಿನ ಚೀಟಿಯ ಫೋಟೊ ತೆಗೆದುಕೊಳ್ಳಿ. ಅದರಲ್ಲಿ ನೋಡಬೇಕಾದ್ದು ನಾಲ್ಕು: ಬಗೆ, ಸಾಮರ್ಥ್ಯ, ಅಳತೆ, ಪ್ಲಸ್ ಯಾವ ಬದಿಗಿದೆ ಎಂಬುದು.

ಬಗೆ ಎಂದರೆ ಎಜಿಎಂ ಅಥವಾ ಮಾಮೂಲಿ ದ್ರವದ ಬ್ಯಾಟರಿ. ಕಾರು ಕಾರ್ಖಾನೆಯಿಂದ ಎಜಿಎಂ ಹೊತ್ತು ಬಂದಿದ್ದರೆ ಎಜಿಎಂ ಅನ್ನೇ ಹಾಕಿ, ಇದರಲ್ಲಿ ಚೌಕಾಸಿ ಬೇಡ. ಬ್ರೇಕ್ ಹಾಕುವಾಗ ಆಲ್ಟರ್ನೇಟರ್ ಜೋರಾಗಿ ಚಾರ್ಜ್ ತುಂಬುವುದು, ಸಿಗ್ನಲ್‌ನಲ್ಲಿ ಮತ್ತೆ ಮತ್ತೆ ಸೆಲ್ಫ್ ಹೊಡೆಯುವುದು, ಇವನ್ನೆಲ್ಲ ಮಾಮೂಲಿ ಬ್ಯಾಟರಿ ತಾಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಬ್ಯಾಟರಿ ಇರುವುದು ಜನ ಕೂರುವ ಜಾಗದ ಬೆನ್ನಿಗೆ. ಆಮ್ಲ ಗಾಜಿನ ನಾರಿನ ಹಾಸಿನಲ್ಲಿ ಇಂಗಿರುವ ಎಜಿಎಂ ಬ್ಯಾಟರಿಯಿಂದ ಅದು ಚೆಲ್ಲುವ ಭಯ ತೀರಾ ಕಡಿಮೆ.

ಅಳತೆಯ ಲೆಕ್ಕ ಹೀಗಿದೆ. 80 ಆಂಪಿಯರ್ ಅವರ್‌ನ ಎಚ್7 ಬ್ಯಾಟರಿ 315 ಮಿ.ಮೀ. ಉದ್ದ. 90ರಿಂದ 95 ಆಂಪಿಯರ್ ಅವರ್‌ನ ಎಚ್8 ಆದರೆ 353 ಮಿ.ಮೀ. ಎರಡರ ಅಗಲ 175, ಎತ್ತರ 190. ಅಂಗಡಿಗಳಲ್ಲಿ ಇವನ್ನೇ ಡಿನ್ 80, ಡಿನ್ 95 ಎಂದೂ ಕರೆಯುತ್ತಾರೆ. ಗುಂಡಿಯಲ್ಲಿ ಜಾಗ ಇದ್ದರೂ ಹಳೆಯದು ಎಷ್ಟಿತ್ತೋ ಅಷ್ಟೇ ತರುವುದು ಸುಲಭದ ದಾರಿ. ಸಾಮರ್ಥ್ಯ ಬದಲಾದರೆ ಕಾರಿನ ಕಂಪ್ಯೂಟರಿನಲ್ಲಿ ಕೋಡಿಂಗ್ ಕೂಡ ಬದಲಾಗಬೇಕು. ಚೀಟಿಯ ಮೇಲೆ ಚಳಿಯಲ್ಲಿ ಸೆಲ್ಫ್ ಹೊಡೆಯುವ ಶಕ್ತಿಯನ್ನು ಇಎನ್ ಎಂಬ ಯುರೋಪಿನ ಮಾನದಂಡದ ಲೆಕ್ಕದಲ್ಲಿ ಬರೆದಿರುತ್ತಾರೆ. ಎಚ್7 ಎಜಿಎಂ ಆದರೆ 800 ಆಂಪಿಯರ್ ಆಸುಪಾಸು ಇರಬೇಕು.

ಪ್ಲಸ್ ಬದಿಯನ್ನು ತಪ್ಪಿ ತಂದರೆ ಕೇಬಲ್ ಎಟುಕುವುದೇ ಇಲ್ಲ. ಈ ಕಾರುಗಳ ಕೇಬಲ್‌ಗಳನ್ನು ಅಳೆದು ಕತ್ತರಿಸಿದಷ್ಟು ಗಿಡ್ಡ ಮಾಡಿರುತ್ತಾರೆ, ಎಳೆದು ಕೂಡಿಸಲು ಬರುವುದಿಲ್ಲ. ಸಣ್ಣ ಕಾರುಗಳಿಗೆ ಬರುವ ತೆಳು ಗೂಟದ ಜಪಾನಿ ಮಾದರಿಯೂ ಇಲ್ಲಿ ಕೂರುವುದಿಲ್ಲ.

ಕೊಳ್ಳುವಾಗ ತಯಾರಾದ ತಿಂಗಳನ್ನು ಕೇಳಿ ನೋಡಿ, ಆರು ತಿಂಗಳಿಗಿಂತ ಹಳೆಯದನ್ನು ಬಿಟ್ಟುಬಿಡಿ. ಅಂಗಡಿಯಲ್ಲೇ ಮೀಟರ್ ಇಟ್ಟು 12.6ಕ್ಕಿಂತ ಕಡಿಮೆ ಬಂದರೆ ಬೇರೆಯದು ಕೊಡಿ ಎನ್ನಿ. ಪೆಟ್ಟಿಗೆಯಲ್ಲಿ ಗಾಳಿ ರಂಧ್ರದ ಬಿರಡೆ ಇದೆಯೇ, ಇಲ್ಲವೆ ಬ್ಯಾಟರಿಯ ಒಂದು ಬದಿಗೆ ಆಗಲೇ ಸಿಕ್ಕಿಸಿದ್ದಾರೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಈ ಪುಟ್ಟ ಬಿರಡೆಯ ಕಥೆ ಮುಂದೆ ಬರುತ್ತದೆ.

ಸಾಮಾನು

ಕಾಲಿಂಚು ಅಥವಾ 3/8 ಇಂಚಿನ ರ‍್ಯಾಚೆಟ್, 8, 10 ಮತ್ತು 13 ಮಿ.ಮೀ. ಸಾಕೆಟ್, 150 ಮಿ.ಮೀ. ಉದ್ದದ ಎಕ್ಸ್‌ಟೆನ್ಷನ್. ಎಕ್ಸ್‌ಟೆನ್ಷನ್ ಇಲ್ಲದೆ ಕೆಳಗಿನ ಬೋಲ್ಟ್ ಎಟುಕುವುದಿಲ್ಲ. ಚಪ್ಪಟೆ ಸ್ಕ್ರೂಡ್ರೈವರ್, ಕ್ಲಿಪ್ ಎಬ್ಬಿಸುವ ಪ್ಲಾಸ್ಟಿಕ್ ಪಟ್ಟಿ, ಆ್ಯಂಟೆನಾದಂತೆ ಉದ್ದವಾಗುವ ಆಯಸ್ಕಾಂತದ ಕಡ್ಡಿ (ಬೋಲ್ಟ್ ಗುಂಡಿಗೆ ಬೀಳುವುದು ನಿಶ್ಚಿತ ಎಂದೇ ತಿಳಿಯಿರಿ), ಟಾರ್ಚ್, ಇನ್ಸುಲೇಷನ್ ಟೇಪ್, ಹಳೆಯ ಸೈಕಲ್ ಟ್ಯೂಬಿನ ಎರಡು ತುಂಡು, ದಪ್ಪ ಕಂಬಳಿ. ರಬ್ಬರ್ ಕೈಗವಸು, ಕನ್ನಡಕ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಪಕ್ಕದಲ್ಲಿಡಿ, ಆಮ್ಲದ ಕಲೆ ಕಂಡರೆ ಅದು ಬೇಕಾಗುತ್ತದೆ. ಹೊಸ ಬ್ಯಾಟರಿಯನ್ನು ಕಾರಿನ ಕಂಪ್ಯೂಟರಿನಲ್ಲಿ ದಾಖಲಿಸಲು (ಇದನ್ನೇ ರಿಜಿಸ್ಟ್ರೇಷನ್ ಎನ್ನುವುದು) ಕಾರಿನ ಕಂಪ್ಯೂಟರನ್ನು ಫೋನಿಗೆ ಜೋಡಿಸುವ ಒಂದು ಒಬಿಡಿ ಡಾಂಗಲ್ ಮತ್ತು ಫೋನಿನಲ್ಲಿ ಬಿಮ್ಮರ್‌ಲಿಂಕ್‌ನಂಥ ಆ್ಯಪ್. ಡಾಂಗಲ್ ಕೊಳ್ಳುವಾಗ ಆ ಆ್ಯಪ್ ಶಿಫಾರಸು ಮಾಡುವ ಪಟ್ಟಿಯಲ್ಲಿ ಅದು ಇದೆಯೇ ನೋಡಿ, ತೀರಾ ಅಗ್ಗದವು ಅರ್ಧಕ್ಕೇ ಕೈಕೊಡುತ್ತವೆ.

ಬಳಸುವ ಪಾನಾದ ಹಿಡಿಗೆ ಮೊದಲೇ ಇನ್ಸುಲೇಷನ್ ಟೇಪ್ ಸುತ್ತಿ, ತುದಿ ಮಾತ್ರ ಕಾಣುವಷ್ಟು. ಗುಂಡಿಯ ಸುತ್ತ ಮೂರು ಕಡೆಯೂ ಕಾರಿನ ಬಾಡಿಯ ಲೋಹ, ಅಂದರೆ ಮೈನಸ್. ಪ್ಲಸ್ ಮೇಲಿರುವ ಪಾನಾ ಆ ಗೋಡೆಗೆ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾದು ಅಲ್ಲೇ ಬೆಸೆದುಕೊಳ್ಳಬಹುದು. ಬಾನೆಟ್ ಕೆಳಗಿನ ಬ್ಯಾಟರಿಗಿಂತ ಇಲ್ಲಿ ಈ ಅಪಾಯ ಹೆಚ್ಚು, ಏಕೆಂದರೆ ಕೈ ಆಡಿಸಲು ಜಾಗವೇ ಇಲ್ಲ. ಉಂಗುರ, ಬಳೆ, ಕತ್ತಿನ ಸರ, ವಾಚು ಎಲ್ಲ ಬಿಚ್ಚಿಟ್ಟು ಕೈ ಹಾಕಿ.

ಕಾರು ಪೂರ್ತಿ ಸತ್ತಿದ್ದರೆ ಡಿಕ್ಕಿ ತೆರೆಯುವುದು

ಡಿಕ್ಕಿಯ ಬೀಗ ಕರೆಂಟಿನದು. ಬ್ಯಾಟರಿ ಸತ್ತರೆ ಡಿಕ್ಕಿ ತೆರೆಯದು, ಡಿಕ್ಕಿ ತೆರೆಯದೆ ಬ್ಯಾಟರಿ ಸಿಗದು. ಬಿಡಿಸಿಕೊಳ್ಳುವ ದಾರಿ ಇದು: ರಿಮೋಟ್‌ನೊಳಗೆ ಅಡಗಿರುವ ಲೋಹದ ಕೀಲಿ ಹೊರಗೆಳೆದು ಡ್ರೈವರ್ ಬಾಗಿಲು ತೆರೆಯಿರಿ. ಬಾನೆಟ್ ಎಳೆಯುವ ಹಿಡಿ ತಂತಿಯದು, ಅದಕ್ಕೆ ಕರೆಂಟ್ ಬೇಡ. ಬಾನೆಟ್ ಎತ್ತಿ ಜಂಪ್ ಪಾಯಿಂಟ್‌ಗೆ ಚಾರ್ಜರ್ ಅಥವಾ ಜಂಪ್ ಸ್ಟಾರ್ಟರ್ ಪೆಟ್ಟಿಗೆ ಜೋಡಿಸಿ, ಕೆಂಪು ಪ್ಲಸ್‌ಗೆ, ಕಪ್ಪು ಬಾಡಿಯ ಗೂಟಕ್ಕೆ. ಎರಡು ನಿಮಿಷ ಬಿಟ್ಟು ಡಿಕ್ಕಿ ಬಟನ್ ಒತ್ತಿದರೆ ತೆರೆಯುತ್ತದೆ. ಇ90ಯಲ್ಲಿ ಡಿಕ್ಕಿಗೇ ಕೀಲಿ ತೂತಿದೆ. ಅದು ವರ್ಷಗಟ್ಟಲೆ ಬಳಸದೆ ಬಿಗಿದಿರುವುದರಿಂದ ಕೀಲಿಯನ್ನು ಒತ್ತಾಯದಿಂದ ತಿರುಗಿಸಿ ಮುರಿದುಕೊಳ್ಳಬೇಡಿ, ಸ್ವಲ್ಪ ಗ್ರ್ಯಾಫೈಟ್ ಪುಡಿ ಅಥವಾ ಸ್ಪ್ರೇ ಬಿಟ್ಟು ಕಾಯಿರಿ.

ಡಿಕ್ಕಿ ತೆರೆದ ಕೂಡಲೇ ಮುಂದಿನ ಚಾರ್ಜರ್ ತೆಗೆದುಬಿಡಿ. ಇದನ್ನು ಮರೆತರೆ ಹಿಂದೆ ಬಿಚ್ಚಿದ ಪ್ಲಸ್ ಕೇಬಲ್‌ನಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ, ಆ ತುದಿ ಬಾಡಿಗೆ ತಾಗಿದರೆ ಕಿಡಿ. ಗಡಿಯಾರ, ರೇಡಿಯೊ ನೆನಪು ಉಳಿಸಲು ಇನ್ನೊಂದು ಸಣ್ಣ ಬ್ಯಾಟರಿ ಜೋಡಿಸಿಡುವ ಪದ್ಧತಿಯನ್ನು ಕೂಡ ಈ ಕಾರಿನಲ್ಲಿ ಇದೇ ಕಾರಣಕ್ಕೆ ಮಾಡಬಾರದು. ಕಳೆದುಹೋಗುವುದು ಗಡಿಯಾರದ ಸಮಯ, ಕಿಟಕಿಯ ಸೆಟ್ಟಿಂಗ್ ಇಷ್ಟೇ. ಅದಕ್ಕಾಗಿ ಜೀವಂತ ಕೇಬಲ್ ಜೊತೆ ಇಕ್ಕಟ್ಟಿನಲ್ಲಿ ಕೆಲಸ ಮಾಡುವುದು ಬುದ್ಧಿವಂತಿಕೆಯಲ್ಲ.

ಬಿಚ್ಚುವುದು

ಕಾರನ್ನು ಸಮತಟ್ಟಾದ, ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಿ, ಹಿಂದೆ ಒಂದೂವರೆ ಮೀಟರ್ ಜಾಗ ಇರಲಿ. ಆಟೊಮ್ಯಾಟಿಕ್ ಆದರೆ ಕರೆಂಟ್ ಇಲ್ಲದೆ ಗೇರ್ ಪಾರ್ಕ್‌ನಿಂದ ಹೊರಬರುವುದಿಲ್ಲ, ಕಾರನ್ನು ಅರ್ಧಕ್ಕೆ ಸರಿಸಲಾಗದು. ಹ್ಯಾಂಡ್ ಬ್ರೇಕ್ ಎಳೆಯಿರಿ. ಡ್ರೈವರ್ ಕಿಟಕಿ ಪೂರ್ತಿ ಇಳಿಸಿಡಿ. ರಿಮೋಟ್ ಜೇಬಿನಲ್ಲಿರಲಿ, ಡಿಕ್ಕಿಯೊಳಗೆ ಬೇಡ. ಕೆಲಸ ಮುಗಿಯುವ ತನಕ ಡಿಕ್ಕಿ ಮುಚ್ಚಳಕ್ಕೆ ಕೈ ಹಾಕದಂತೆ ಮನೆಯವರಿಗೆ, ಮುಖ್ಯವಾಗಿ ಮಕ್ಕಳಿಗೆ ಹೇಳಿಡಿ.

ಇಗ್ನಿಷನ್ ಆರಿಸಿ 20 ನಿಮಿಷ ಕಾಯಿರಿ. ಇಂಜಿನ್ ನಿಂತ ಮೇಲೂ ಫ್ಯಾನ್, ಪಂಪ್, ಹತ್ತಾರು ಕಂಪ್ಯೂಟರುಗಳು ಸ್ವಲ್ಪ ಹೊತ್ತು ಎಚ್ಚರವಾಗಿರುತ್ತವೆ. ಅವು ಮಾಹಿತಿ ಬರೆದುಕೊಳ್ಳುತ್ತಿರುವಾಗ ಕರೆಂಟ್ ಕಿತ್ತರೆ ವಿನಾಕಾರಣ ದೋಷದ ಸಂದೇಶಗಳು ಬರುತ್ತವೆ. ಸ್ಟಾರ್ಟ್ ಬಟನ್ನಿನ ದೀಪ ಆರಿದ್ದರೆ ಕಾರು ಮಲಗಿದೆ ಎಂದು ಲೆಕ್ಕ.

ಡಿಕ್ಕಿಯ ನೆಲಹಾಸು ಎತ್ತಿ ಹೊರಗಿಡಿ. ಬಲಬದಿಯ ಮುಚ್ಚಳವನ್ನು ಹಿಡಿದಿರುವ ತಿರುಗುಣಿ ಕ್ಲಿಪ್‌ಗಳನ್ನು ಕಾಲು ಸುತ್ತು ತಿರುಗಿಸಿ ತೆಗೆಯಿರಿ. ಒತ್ತಿ ಕೂರಿಸಿದ ಕ್ಲಿಪ್‌ಗಳಿದ್ದರೆ ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿ. ಈಗ ಬ್ಯಾಟರಿ ಕಾಣುತ್ತದೆ. ಮುಟ್ಟುವ ಮೊದಲು ಮೂರು ಕೋನದಿಂದ ಫೋಟೊ ತೆಗೆಯಿರಿ: ಯಾವ ತಂತಿ ಎಲ್ಲಿ, ಗಾಳಿ ಕೊಳವೆ ಯಾವ ಬದಿ, ಅಡ್ಡಪಟ್ಟಿ ಹೇಗೆ ಕೂತಿದೆ.

ಮೊದಲು ಮೈನಸ್. 10 ಮಿ.ಮೀ. ನಟ್ಟನ್ನು ಸಡಿಲಿಸಿ, ಪೂರ್ತಿ ಬಿಚ್ಚಬೇಕಿಲ್ಲ. ಮೈನಸ್ ಕ್ಲ್ಯಾಂಪಿಗೆ ಅಂಟಿಕೊಂಡಿರುವ ಪುಟ್ಟ ಕಪ್ಪು ಪೆಟ್ಟಿಗೆ ಬ್ಯಾಟರಿ ಸೆನ್ಸರ್, ಐಬಿಎಸ್ ಎನ್ನುತ್ತಾರೆ. ಬ್ಯಾಟರಿಯೊಳಗೆ ಹೋಗುವ ಬರುವ ಕರೆಂಟ್, ವೋಲ್ಟೇಜ್, ಶಾಖ ಎಲ್ಲವನ್ನೂ ಅಳೆಯುವುದು ಇದೇ. ಇದು ನಾಜೂಕಿನ ಭಾಗ. ಕ್ಲ್ಯಾಂಪ್ ಬಿಗಿದು ಕೂತಿದ್ದರೆ ಕೇಬಲ್ ಹಿಡಿದು ಎಳೆಯುವುದು, ಸ್ಕ್ರೂಡ್ರೈವರ್ ಅಡಿಗಿಟ್ಟು ಮೀಟುವುದು, ಸುತ್ತಿಗೆಯಿಂದ ತಟ್ಟುವುದು ಯಾವುದನ್ನೂ ಮಾಡಬೇಡಿ. ಚಪ್ಪಟೆ ಸ್ಕ್ರೂಡ್ರೈವರ್ ತುದಿಯನ್ನು ಕ್ಲ್ಯಾಂಪಿನ ಸೀಳಿನಲ್ಲಿಟ್ಟು ಮೆಲ್ಲಗೆ ಅಗಲಿಸಿದರೆ ಅದು ತಾನಾಗಿ ಮೇಲೆ ಬರುತ್ತದೆ. ಬಂದ ತುದಿಗೆ ಸೈಕಲ್ ಟ್ಯೂಬ್ ತೊಡಿಸಿ ಪಕ್ಕಕ್ಕೆ ಕಟ್ಟಿಡಿ. ಕೇಬಲ್ ಗಡುಸಾಗಿರುವುದರಿಂದ ಸ್ಪ್ರಿಂಗಿನಂತೆ ಮರಳಿ ಗೂಟಕ್ಕೆ ತಾಗಲು ನೋಡುತ್ತದೆ.

ಆಮೇಲೆ ಪ್ಲಸ್. ಕೆಂಪು ಮುಚ್ಚಳ ಎತ್ತಿ, 10 ಮಿ.ಮೀ. ನಟ್ಟು ಸಡಿಲಿಸಿ. ಇಲ್ಲೂ ಒಂದು ಎಚ್ಚರಿಕೆ ಇದೆ. ಅಪಘಾತವಾದಾಗ ಇಂಜಿನ್ ಕಡೆ ಹೋಗುವ ಕೇಬಲ್ಲನ್ನು ಸಣ್ಣ ಸಿಡಿಮದ್ದಿನಿಂದ ತಾನೇ ಕತ್ತರಿಸುವ ವ್ಯವಸ್ಥೆ ಈ ಪ್ಲಸ್ ಕೇಬಲ್‌ನಲ್ಲಿದೆ. ಅದಕ್ಕೆ ಹೋಗುವ ಸಣ್ಣ ತಂತಿಯನ್ನು ಎಳೆಯಬೇಡಿ, ಆ ಭಾಗವನ್ನು ಬಡಿಯಬೇಡಿ, ಮೀಟರಿನಿಂದ ಅದರ ಪಿನ್‌ಗಳನ್ನು ಅಳೆಯಬೇಡಿ. ಎಫ್30ಯಲ್ಲಿ ಬ್ಯಾಟರಿಯ ತಲೆಯ ಮೇಲೆ ಫ್ಯೂಸ್‌ಗಳಿರುವ ಚಪ್ಪಟೆ ಪೆಟ್ಟಿಗೆಯೂ ಕೂತಿರುತ್ತದೆ. ಪಕ್ಕದ ಪ್ಲಾಸ್ಟಿಕ್ ಕೊಕ್ಕೆಗಳನ್ನು ಬೆರಳಿನಿಂದ ಒತ್ತಿ, ತಂತಿಗಳನ್ನು ಬಿಚ್ಚದೆ ಇಡಿಯಾಗಿ ಎತ್ತಿ ಪಕ್ಕಕ್ಕೆ ಒರಗಿಸಿ. ಕೊಕ್ಕೆ ಹಳತಾಗಿದ್ದರೆ ಬೇಗ ಮುರಿಯುತ್ತದೆ, ಒಂದು ಬದಿ ಬಿಡಿಸಿ ಮತ್ತೊಂದಕ್ಕೆ ಹೋಗಿ.

ಬ್ಯಾಟರಿಯ ಬದಿಯಲ್ಲಿ ಸಿಕ್ಕಿಸಿರುವ ತೆಳು ಗಾಳಿ ಕೊಳವೆಯನ್ನು ನೇರಕ್ಕೆ ಎಳೆದು ತೆಗೆಯಿರಿ. ಅದರ ತುದಿಯ ಬಾಗಿದ ಮೂತಿ ಹಳೆಯ ಬ್ಯಾಟರಿಯಲ್ಲೇ ಉಳಿದರೆ ಕಿತ್ತಿಟ್ಟುಕೊಳ್ಳಿ, ಹೊಸದರ ಜೊತೆ ಅದು ಬರದಿರಬಹುದು. ಬ್ಯಾಟರಿಯ ಮೇಲೆ ಅಡ್ಡಪಟ್ಟಿ ಇದ್ದರೆ ಬಿಚ್ಚಿ. ಕೊನೆಗೆ ಬುಡದ ಹಿಡಿಕಟ್ಟು: ಬ್ಯಾಟರಿಯ ತಳದ ಅಂಚನ್ನು ಒತ್ತಿ ಹಿಡಿದಿರುವ ಲೋಹದ ತುಂಡು, ಅದಕ್ಕೆ 13 ಮಿ.ಮೀ. ಬೋಲ್ಟ್. ಎಕ್ಸ್‌ಟೆನ್ಷನ್ ಹಾಕಿ ಸಡಿಲಿಸಿ, ಕೊನೆಯ ಸುತ್ತುಗಳನ್ನು ಬೆರಳಿನಿಂದ ಬಿಚ್ಚಿ.

ಈಗ ಎತ್ತುವುದು. ಡಿಕ್ಕಿಯ ಅಂಚಿನ ಮೇಲೆ ಬಾಗಿ, ಕೈ ಚಾಚಿ, ಆಳದಿಂದ 25 ಕೆ.ಜಿ. ಎತ್ತುವುದಕ್ಕಿಂತ ಬೆನ್ನಿಗೆ ಕೆಟ್ಟ ಭಂಗಿ ಇಲ್ಲ. ಬಂಪರ್ ಮೇಲೆ ಕಂಬಳಿ ಹಾಸಿ, ಒಂದು ಮಂಡಿಯನ್ನು ಡಿಕ್ಕಿಯೊಳಗೆ ಊರಿ, ಬ್ಯಾಟರಿಯ ಹಿಡಿಕೆ ಹಿಡಿದು ಮೊದಲು ಗುಂಡಿಯಿಂದ ಡಿಕ್ಕಿಯ ನೆಲಕ್ಕೆ ತನ್ನಿ. ಅಲ್ಲಿ ಉಸಿರು ತೆಗೆದುಕೊಂಡು, ಕೆಳಗಿಳಿದು, ಕಂಬಳಿಯ ಮೇಲೆ ಜಾರಿಸಿ, ಎದೆಗೆ ಒತ್ತಿಕೊಂಡು ಇಳಿಸಿ. ಇನ್ನೊಬ್ಬರಿದ್ದರೆ ಕರೆಯಿರಿ, ಸ್ವಾಭಿಮಾನ ಬೇಡ.

ಗುಂಡಿಯನ್ನು ನೋಡಿ

ಖಾಲಿ ಗುಂಡಿಗೆ ಟಾರ್ಚ್ ಬಿಟ್ಟು ನೋಡುವ ಅವಕಾಶ ನಾಲ್ಕೈದು ವರ್ಷಕ್ಕೊಮ್ಮೆ ಸಿಗುವಂಥದ್ದು. ನೀರು ಅಥವಾ ತುಕ್ಕಿನ ಗುರುತಿದ್ದರೆ ಹಿಂದೀಪದ ಸುತ್ತಲಿನ ರಬ್ಬರ್ ಸೀಲ್ ಅಥವಾ ಡಿಕ್ಕಿ ಮುಚ್ಚಳದ ಬೀಡಿಂಗ್ ಸೋರುತ್ತಿದೆ. ಮಲೆನಾಡು, ಕರಾವಳಿಯಲ್ಲಿ ಓಡುವ ಕಾರುಗಳಲ್ಲಿ ಇದನ್ನು ವಿಶೇಷವಾಗಿ ನೋಡಬೇಕು. ನೀರು ಒರೆಸಿ, ಸೋರುವ ಕಡೆ ಸರಿ ಮಾಡದೆ ಮುಂದೆ ಹೋಗಬೇಡಿ. ಬಿಳಿ ಅಥವಾ ಹಸಿರು ಪುಡಿ ಕಂಡರೆ ಸೋಡಾ ನೀರಿನ ಬಟ್ಟೆಯಿಂದ ಒರೆಸಿ, ನೊರೆ ನಿಂತ ಮೇಲೆ ಒಣಬಟ್ಟೆಯಿಂದ ಒಣಗಿಸಿ. ಕ್ಲ್ಯಾಂಪುಗಳ ಒಳಮೈಯನ್ನು ನುಣುಪು ಉಪ್ಪುಕಾಗದದಿಂದ ಹೊಳಪು ಬರುವಷ್ಟು ಉಜ್ಜಿ. ಗಾಳಿ ಕೊಳವೆಗೆ ಒಂದು ತುದಿಯಿಂದ ಕೈಪಂಪಿನಲ್ಲಿ ಗಾಳಿ ಹಾಯಿಸಿ, ಅದು ಕಾರಿನ ಹೊರಗೆ ಬರುತ್ತಿದೆಯೇ ನೋಡಿ.

ಹೊಸದನ್ನು ಕೂರಿಸುವುದು

ಗುಂಡಿಗೆ ಇಳಿಸುವ ಮೊದಲೇ ಬಿರಡೆಯ ಕೆಲಸ ಮುಗಿಸಿ. ಬ್ಯಾಟರಿಯ ಎರಡು ಬದಿಗೂ ಒಂದೊಂದು ಗಾಳಿ ರಂಧ್ರ ಇರುತ್ತದೆ. ಕೊಳವೆ ಎಟುಕುವ ಬದಿಯ ರಂಧ್ರ ತೆರೆದಿರಬೇಕು, ಇನ್ನೊಂದಕ್ಕೆ ಬಿರಡೆ ಇರಬೇಕು. ಎಜಿಎಂ ಬ್ಯಾಟರಿ ಸಾಮಾನ್ಯವಾಗಿ ತನ್ನ ಅನಿಲವನ್ನು ತಾನೇ ಮರಳಿ ನೀರಾಗಿಸಿಕೊಳ್ಳುತ್ತದೆ. ಆದರೆ ಚಾರ್ಜ್ ಮಿತಿಮೀರಿದರೆ ಅದರ ಕವಾಟ ತೆರೆದು ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಹೈಡ್ರೋಜನ್ 4 ಶೇಕಡಾ ಮುಟ್ಟಿದರೆ ಒಂದು ಕಿಡಿ ಸಾಕು. ಬಾನೆಟ್ ಕೆಳಗೆ ಆದರೆ ಅದು ಗಾಳಿಗೆ ಹಾರಿಹೋಗುತ್ತದೆ. ಮುಚ್ಚಿದ ಡಿಕ್ಕಿಯಲ್ಲಿ ಹೋಗಲು ದಾರಿ ಈ ಕೊಳವೆ ಒಂದೇ. ಮನೆಯಲ್ಲಿ ಬ್ಯಾಟರಿ ಬದಲಿಸಿದವರು ಅತಿ ಹೆಚ್ಚು ಮರೆಯುವುದೂ ಇದನ್ನೇ, ಏಕೆಂದರೆ ಕೊಳವೆ ಇಲ್ಲದೆಯೂ ಕಾರು ಚೆನ್ನಾಗಿಯೇ ಸ್ಟಾರ್ಟ್ ಆಗುತ್ತದೆ.

ಹೊಸ ಬ್ಯಾಟರಿಯ ಪ್ಲಸ್ ಗೂಟಕ್ಕೆ ಟೋಪಿ ಹಾಗೇ ಇರಲಿ. ಗುಂಡಿಗೆ ಇಳಿಸಿ, ತಳದ ಅಂಚು ಎದುರಿನ ತುಟಿಯ ಕೆಳಗೆ ಸರಿಯಾಗಿ ಸೇರುವಂತೆ ಜಾರಿಸಿ. ಹಿಡಿಕಟ್ಟು ಹಾಕಿ ಬೋಲ್ಟ್ ಬಿಗಿ ಮಾಡಿ, ಕೈಯಿಂದ ಅಲುಗಾಡಿಸಿದರೆ ಬ್ಯಾಟರಿ ಕದಲಬಾರದು. ಕೊಳವೆ ಸಿಕ್ಕಿಸಿ. ಅಡ್ಡಪಟ್ಟಿ ಇದ್ದರೆ ಹಾಕಿ.

ಈಗ ಕ್ರಮ ತಿರುಗುಮುರುಗು: ಟೋಪಿ ತೆಗೆದು ಮೊದಲು ಪ್ಲಸ್ ಮತ್ತು ಫ್ಯೂಸ್ ಪೆಟ್ಟಿಗೆ, ಕೊನೆಗೆ ಮೈನಸ್. ಕ್ಲ್ಯಾಂಪ್ ಗೂಟದ ಬುಡದ ತನಕ ಕೈಯಿಂದಲೇ ಇಳಿಯಬೇಕು, ಬಡಿದು ಇಳಿಸಬಾರದು. ಬಿಗಿ 5 ನ್ಯೂಟನ್ ಮೀಟರ್ ಸಾಕು. ಸಣ್ಣ ರ‍್ಯಾಚೆಟ್ಟನ್ನು ತಲೆಯ ಹತ್ತಿರ ಹಿಡಿದು ಮಣಿಕಟ್ಟಿನ ಬಲದಿಂದ ತಿರುಗಿಸಿದಷ್ಟು ಅದು. ಸೀಸದ ಗೂಟ ಮೆತ್ತಗಿನದು, ಜೋರು ಮಾಡಿದರೆ ಹಿಸುಕಿ ಹೋಗಿ ಮತ್ತೆಂದೂ ಬಿಗಿ ನಿಲ್ಲುವುದಿಲ್ಲ. ಮೈನಸ್ ತಾಗಿಸಿದಾಗ ಸಣ್ಣ ಕಿಡಿ ಕಾಣುವುದು ಸಹಜ. ತಾಗಿಸಿ ತೆಗೆದು ಮಾಡದೆ ಒಂದೇ ಸಲಕ್ಕೆ ಕೂರಿಸಿ. ಸೆನ್ಸರಿನ ತಂತಿ ಸಿಕ್ಕಿಸಿಯೇ ಇದೆಯೇ ನೋಡಿ, ಗೂಟಗಳಿಗೆ ತೆಳುವಾಗಿ ವ್ಯಾಸಲೀನ್ ಸವರಿ.

ಕಾರಿಗೆ ತಿಳಿಸುವುದು

ಇಲ್ಲಿಗೆ ಕಾರು ಸ್ಟಾರ್ಟ್ ಆಗುತ್ತದೆ, ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ಈ ಕಾರು ಬ್ಯಾಟರಿಯ ವಯಸ್ಸಿನ ಲೆಕ್ಕ ಇಡುತ್ತದೆ. ಹಳೆಯದಾದಂತೆ ಅದಕ್ಕೆ ತಕ್ಕಂತೆ ಚಾರ್ಜ್ ಮಾಡುವ ರೀತಿ ಬದಲಿಸುತ್ತ ಬರುತ್ತದೆ. ಹೊಸದು ಬಂದಿದೆ ಎಂದು ಹೇಳದಿದ್ದರೆ ಐದು ವರ್ಷದ ಮುದುಕ ಬ್ಯಾಟರಿಗೆ ಮಾಡುತ್ತಿದ್ದ ಉಪಚಾರವನ್ನೇ ಹೊಸದಕ್ಕೂ ಮಾಡುತ್ತದೆ. ಫಲವಾಗಿ ಹೊಸ ಬ್ಯಾಟರಿಯ ಆಯಸ್ಸು ಕುಗ್ಗುತ್ತದೆ, ಸ್ಟಾರ್ಟ್-ಸ್ಟಾಪ್ ಮರಳದಿರಬಹುದು, ಬ್ಯಾಟರಿ ಚೆನ್ನಾಗಿದ್ದರೂ ಡಿಸ್ಚಾರ್ಜ್ ಎಚ್ಚರಿಕೆ ಬರುತ್ತಿರಬಹುದು.

ಡಾಂಗಲ್ಲನ್ನು ಸ್ಟೀರಿಂಗ್ ಕೆಳಗೆ ಡ್ರೈವರ್ ಕಾಲಿನ ಪಕ್ಕದ ಒಬಿಡಿ ಸಾಕೆಟ್ಟಿಗೆ ಸಿಕ್ಕಿಸಿ. ಇಂಜಿನ್ ಬೇಡ, ಬ್ರೇಕ್ ಒತ್ತದೆ ಬಟನ್ ಒತ್ತಿ ಇಗ್ನಿಷನ್ ಮಾತ್ರ ಹಾಕಿ. ಆ್ಯಪಿನಲ್ಲಿ ಬ್ಯಾಟರಿ ರಿಜಿಸ್ಟರ್ ಮಾಡುವ ಆಯ್ಕೆಗೆ ಹೋಗಿ ದೃಢಪಡಿಸಿ. ಆ ಹೊತ್ತಿನ ಕಿಲೋಮೀಟರ್ ಓದಿನ ಜೊತೆ ಹೊಸ ಬ್ಯಾಟರಿ ದಾಖಲಾಗುತ್ತದೆ. ಇಗ್ನಿಷನ್ ಆರಿಸಿ, ಡಾಂಗಲ್ ತೆಗೆಯಿರಿ. ಅದನ್ನು ಸಾಕೆಟ್ಟಿನಲ್ಲೇ ಬಿಟ್ಟರೆ ಅದೇ ಹೊಸ ಸೋರಿಕೆ.

80ರ ಜಾಗಕ್ಕೆ 90 ಹಾಕಿದ್ದರೆ, ಅಥವಾ ದ್ರವದ ಬ್ಯಾಟರಿಯ ಜಾಗಕ್ಕೆ ಎಜಿಎಂ ಹಾಕಿದ್ದರೆ ರಿಜಿಸ್ಟ್ರೇಷನ್ ಒಂದೇ ಸಾಲದು. ಮೊದಲು ಬಗೆ ಮತ್ತು ಸಾಮರ್ಥ್ಯವನ್ನು ಕೋಡ್ ಮಾಡಿ, ಆಮೇಲೆ ರಿಜಿಸ್ಟರ್ ಮಾಡಬೇಕು. ಎಫ್30ಗೆ ಬಿಮ್ಮರ್‌ಕೋಡ್ ಆ್ಯಪಿನಲ್ಲಿ ಇದು ಸಾಧ್ಯ. ಕೋಡಿಂಗ್ ಅಭ್ಯಾಸ ಇಲ್ಲದವರು ಇಷ್ಟು ಕೆಲಸಕ್ಕೆ ಮಾತ್ರ ಪರಿಚಿತ ಗ್ಯಾರೇಜಿಗೆ ಹೋಗುವುದು ಒಳ್ಳೆಯದು, ಹೋಗುವ ದಾರಿಯಲ್ಲಿ ಹಾನಿ ಏನೂ ಆಗದು.

ಮೊದಲ ಸ್ಟಾರ್ಟ್, ಆಮೇಲಿನ ಸಣ್ಣಪುಟ್ಟದ್ದು

ಸ್ಟಾರ್ಟ್ ಆದ ಕೂಡಲೇ ಮೀಟರಿನಲ್ಲಿ ಬಣ್ಣಬಣ್ಣದ ದೀಪಗಳು ಕಂಡರೆ ಗಾಬರಿ ಬೇಡ. ಸ್ಟೀರಿಂಗ್ ಎಷ್ಟು ತಿರುಗಿದೆ ಎಂಬ ನೆನಪು ಅಳಿಸಿರುವುದರಿಂದ ಡಿಎಸ್‌ಸಿ (ಕಾರು ಜಾರದಂತೆ ತಡೆಯುವ ವ್ಯವಸ್ಥೆ) ದೀಪ ಉರಿಯಬಹುದು. ಇಂಜಿನ್ ಓಡುತ್ತಿರುವಾಗ ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ, ಸ್ವಲ್ಪ ದೂರ ಓಡಿಸಿದರೆ ಆರುತ್ತದೆ. ಕಿಟಕಿ ಒಂದೇ ಒತ್ತಿಗೆ ಪೂರ್ತಿ ಏರದಿದ್ದರೆ ಪೂರ್ತಿ ಮುಚ್ಚಿ ಬಟನ್ನನ್ನು ಕೆಲವು ಸೆಕೆಂಡ್ ಹಿಡಿದಿಡಿ, ಒಂದೊಂದು ಬಾಗಿಲಿಗೂ ಹಾಗೆಯೇ. ಗಡಿಯಾರ, ದಿನಾಂಕ ಸರಿ ಮಾಡಿ.

ಮೀಟರ್ ಇಟ್ಟು ಜಂಪ್ ಪಾಯಿಂಟ್‌ನಲ್ಲಿ ಚಾರ್ಜಿಂಗ್ ನೋಡಿ. 13.8ರಿಂದ 14.8 ವೋಲ್ಟ್ ನಡುವೆ ಇದ್ದರೆ ಸರಿ. ಈ ಕಾರುಗಳ ಆಲ್ಟರ್ನೇಟರ್ ಇಂಧನ ಉಳಿಸಲು ಆಗಾಗ ಚಾರ್ಜ್ ತಗ್ಗಿಸುತ್ತದೆ, ಒಂದು ಕ್ಷಣ 12.7 ಕಂಡ ಮಾತ್ರಕ್ಕೆ ಅದು ಕೆಟ್ಟಿದೆ ಎನ್ನಬೇಡಿ. ಎಲ್ಲ ಸರಿ ಎಂದಾದ ಮೇಲೆಯೇ ಡಿಕ್ಕಿ ಮುಚ್ಚಿ. ಸ್ಟಾರ್ಟ್-ಸ್ಟಾಪ್ ಒಂದೆರಡು ದಿನ ಬಾರದಿದ್ದರೆ ಕಾಯಿರಿ, ಕಾರು ಹೊಸ ಬ್ಯಾಟರಿಯನ್ನು ಅಳೆದು ನೋಡುತ್ತಿರುತ್ತದೆ.

ಕಾರು ಏನೂ ಎಚ್ಚರವಾಗದಿದ್ದರೆ ಹತ್ತರಲ್ಲಿ ಎಂಟು ಸಲ ಕ್ಲ್ಯಾಂಪ್ ಗೂಟದ ಬುಡಕ್ಕೆ ಇಳಿದಿರುವುದಿಲ್ಲ, ಇಲ್ಲವೆ ಗೂಟದ ಮೇಲೆ ಪ್ಲಾಸ್ಟಿಕ್ ಟೋಪಿಯ ತುಣುಕು ಉಳಿದಿರುತ್ತದೆ. ಬ್ಯಾಟರಿ ಸೆನ್ಸರಿನ ದೋಷ ಬಂದರೆ ಅದರ ತಂತಿ ನೋಡಿ. ಕೆಲವು ದಿನಗಳ ನಂತರ ಡಿಕ್ಕಿಯಲ್ಲಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ತಡ ಮಾಡಬೇಡಿ: ಬ್ಯಾಟರಿ ಅತಿಯಾಗಿ ಚಾರ್ಜ್ ಆಗುತ್ತಿದೆ, ಕೊಳವೆಯೂ ಸೇರಿಲ್ಲ. ಕಿಟಕಿ ಇಳಿಸಿ, ಕಾರು ನಿಲ್ಲಿಸಿ, ಆಲ್ಟರ್ನೇಟರ್ ತೋರಿಸಿ.

ಹೊರಗಿನ ಚಾರ್ಜರ್ ಬಳಸುವಾಗ ಎಜಿಎಂ ಮೋಡ್‌ನಲ್ಲೇ ಬಳಸಿ, ವೋಲ್ಟೇಜ್ 14.8 ಮೀರದಿರಲಿ. ಹಳೆಯ ಬ್ಯಾಟರಿಗೆ ಜೀವ ತುಂಬುವ 15.5 ವೋಲ್ಟಿನ ರಿಪೇರಿ ಮೋಡ್ ಎಜಿಎಂ ಅನ್ನು ಒಣಗಿಸಿ ಕೊಲ್ಲುತ್ತದೆ.

ತೆಗೆದ ಬ್ಯಾಟರಿಯನ್ನು ನಿಲ್ಲಿಸಿದ ಭಂಗಿಯಲ್ಲೇ, ಗೂಟಗಳಿಗೆ ಟೇಪ್ ಸುತ್ತಿ ಅಂಗಡಿಗೆ ಒಯ್ಯಿರಿ. ಹೊಸದರ ಬೆಲೆಯಲ್ಲಿ ಅದಕ್ಕೆ ಕಡಿತ ಸಿಗುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಮರಳಿ ಪಡೆದು ಸಂಸ್ಕರಿಸುವ ಹೊಣೆ ತಯಾರಕರದು. ತಳ್ಳುಗಾಡಿಯ ಗುಜರಿಗೆ ಹಾಕಿದರೆ ಅದನ್ನು ಎಲ್ಲೋ ಬಯಲಿನಲ್ಲಿ ಒಡೆದು ಆಮ್ಲ ಮಣ್ಣಿಗೆ ಸುರಿಯುತ್ತಾರೆ, ಸೀಸದ ಹೊಗೆ ಅಲ್ಲಿನ ಮಕ್ಕಳ ಮೈಗೆ ಸೇರುತ್ತದೆ.

ಬೇರೆ ಕಾರುಗಳ ಬೇರೆ ಗುಟ್ಟುಗಳು

ಹೊರದೇಶದಲ್ಲಿರುವ ಕನ್ನಡಿಗರಿಗೆ ಇನ್ನೂ ವಿಚಿತ್ರ ಜಾಗಗಳು ಎದುರಾಗುತ್ತವೆ. ಅಮೆರಿಕದಲ್ಲಿ ಬಹಳ ಮಾರಾಟವಾದ ಡಾಡ್ಜ್ ಜರ್ನಿಯಲ್ಲಿ ಬ್ಯಾಟರಿ ಎಡಗಡೆ ಮುಂಚಕ್ರದ ಎದುರು, ಫೆಂಡರ್ ಒಳಗೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಚಕ್ರದ ಗೂಡಿನ ಮುಚ್ಚಳ ತೆಗೆದರೆ ಕೈ ಹೋಗುತ್ತದೆ, ಚಕ್ರವನ್ನೇ ಬಿಚ್ಚಿದರೆ ಆರಾಮ. ಬಿಚ್ಚುವುದಾದರೆ ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಡಿ. ಮೊದಲ ತಲೆಮಾರಿನ ಷೆವ್ರೊಲೆ ಟ್ರಾವರ್ಸ್‌ನಲ್ಲಿ ಅದು ಎರಡನೇ ಸಾಲಿನವರು ಕಾಲಿಡುವ ನೆಲದ ಕಾರ್ಪೆಟ್ ಕೆಳಗೆ.

ಮೊದಲ ತಲೆಮಾರಿನ ಫೋಕ್ಸ್‌ವ್ಯಾಗನ್ ಟುವಾರೆಗ್ ಮತ್ತು ಆಡಿ ಕ್ಯೂ7ನಲ್ಲಿ ಬ್ಯಾಟರಿ ಮುಂದಿನ ಸೀಟಿನ ಅಡಿಯಲ್ಲಿ. ಇವುಗಳಲ್ಲಿ ಸೀಟನ್ನು ವಾಲಿಸುವ ಮೊದಲು ಅದನ್ನು ಬ್ಯಾಟರಿಯಲ್ಲಿ ಉಳಿದ ಕರೆಂಟಿನಿಂದಲೇ ಬೇಕಾದ ಜಾಗಕ್ಕೆ ಸರಿಸಿಕೊಳ್ಳಿ, ಬಿಚ್ಚಿದ ಮೇಲೆ ಮೋಟಾರು ಓಡುವುದಿಲ್ಲ. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗಿನದು. ಅದನ್ನು ಬಿಚ್ಚಬೇಕಾಗಿ ಬಂದರೆ ಬ್ಯಾಟರಿಯ ಮೈನಸ್ ತೆಗೆದು ಕೆಲವು ನಿಮಿಷ ಕಳೆದ ಮೇಲೆ ಬಿಚ್ಚಿ, ಮರಳಿ ಸಿಕ್ಕಿಸಿದ ಮೇಲೆ ಮಾತ್ರ ಇಗ್ನಿಷನ್ ಹಾಕಿ.